ಗಾಲಿಯ ಲೆಕ್ಕ, ನಕ್ಷತ್ರದ ಲೆಕ್ಕ

ಸಕಲೇಶಪುರದಿಂದ ದಕ್ಷಿಣಕ್ಕೆ ಹೊರಟು, ವಣಗೂರನ್ನು ಹಾಯ್ದು ಬಿಸಲೆಯ ಘಟ್ಟದ ಕಡೆಗೆ ಸಾಗುವ ಹಾದಿಯಲ್ಲಿ, ಕಾಫಿತೋಟಗಳ ನಡುವೆ ಎಡಬಲಕ್ಕೆ ಕವಲೊಡೆಯುವ ಮಣ್ಣುದಾರಿಗಳು ಲೆಕ್ಕವಿಲ್ಲದಷ್ಟು ಉಂಟು. ಹಲವು ವರ್ಷಗಳ ಹಿಂದೆ, ಆಷಾಢದ ಒಂದು ಮಧ್ಯಾಹ್ನ, ಮಂಜು ಇಳಿದು ಹತ್ತು ಮಾರು ಆಚೆಗಿನ ಮರವೂ ಕಾಣದಂತಾಗಿದ್ದಾಗ, ಅಂತಹ ಒಂದು ಕವಲಿನಲ್ಲಿ ಜೀಪನ್ನು ನಿಲ್ಲಿಸಿ, ಎರಡು ಯಂತ್ರಗಳನ್ನು ಎದುರಿಗಿಟ್ಟುಕೊಂಡು ನಾನು ಕುಳಿತಿದ್ದೆ. ಒಂದು, ಮುಂಗಾಜಿಗೆ ಅಂಟಿಸಿದ, ರಸ್ತೆಗೆಂದೇ ನಿರ್ಮಿತವಾದ ದಾರಿತೋರುಕ. ಇನ್ನೊಂದು, ಚಾರಣಿಗರು ಕೈಯಲ್ಲಿ ಹಿಡಿದು ನಡೆಯುವ ಪುಟ್ಟ ಜಿಪಿಎಸ್ ರಿಸೀವರು. ಮೊದಲನೆಯದು, ನಾವು ಆಗತಾನೆ ಬಿಟ್ಟು ಇಳಿದಿದ್ದ ಡಾಂಬರು ರಸ್ತೆಯ ಮೇಲೆಯೇ ನಮ್ಮ ಗಾಡಿಯ ಗುರುತನ್ನು ಬಿಗಿಯಾಗಿ ಅಂಟಿಸಿಕೊಂಡು, ಮುಂದೆ ಬಲಕ್ಕೆ ತಿರುಗಬೇಕೆಂದು ಹೇಳುತ್ತಲೇ ಇತ್ತು. ಬಲಕ್ಕೆ ಇದ್ದುದು ತೋಟದ ತಂತಿಬೇಲಿ. ಎರಡನೆಯದರ ಪರದೆಯ ಮೇಲೆ ರಸ್ತೆಯೆಂಬುದೇ ಇರಲಿಲ್ಲ. ಬರಿಯ ಬಿಳಿಯ ಬಯಲು, ಅದರ ನಡುವೆ ಒಂದು ಕಪ್ಪು ತ್ರಿಕೋನ, ಅದರ ಹಿಂದೆ ನಾವು ಬಂದ ಜಾಡನ್ನು ಇರುವೆಸಾಲಿನಂತೆ ತೋರುವ ಚುಕ್ಕೆಗಳ ಒಂದು ಗೆರೆ. ಅದಕ್ಕೆ ದಾರಿ ತಿಳಿದಿರಲಿಲ್ಲ; ಆದರೆ ನಾವು ನಿಂತ ನೆಲೆ ತಿಳಿದಿತ್ತು. ಆ ಚುಕ್ಕೆಗಳ ಗೆರೆಯನ್ನೇ ಹಿಡಿದು ಹಿಂದಿರುಗಿ, ಕತ್ತಲಾಗುವ ಮೊದಲು ನಾವು ಡಾಂಬರು ರಸ್ತೆಯನ್ನು ಸೇರಿದೆವು.

ದಾರಿಯ ಅರಿವು ಬೇರೆ, ನೆಲೆಯ ಅರಿವು ಬೇರೆ ಎಂಬುದು ಅಂದು ನನಗೆ ಮನದಟ್ಟಾಯಿತು. "ಆ ಊರಿಗೆ ಹೇಗೆ ಹೋಗಬೇಕು" ಎಂಬುದು ಒಂದು ಪ್ರಶ್ನೆ. "ನಾನೀಗ ಎಲ್ಲಿದ್ದೇನೆ" ಎಂಬುದು ಬೇರೊಂದು ಪ್ರಶ್ನೆ. ಮನುಷ್ಯನ ಸಂಚಾರದ ಚರಿತ್ರೆಯನ್ನು ಹಿಂದಿರುಗಿ ನೋಡಿದರೆ, ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಅರಸಿದವರು ಎರಡು ಪ್ರತ್ಯೇಕ ಕುಲಗಳಾಗಿ ಬೆಳೆದು ಬಂದುದು ಕಾಣುತ್ತದೆ. ದಾರಿಯನ್ನು ಅರಿತವರು ಕಾಲಿನಿಂದ, ಕಾಲಿನ ಬಳಿಕ ಗಾಲಿಯಿಂದ ಅರಿತರು. ನೆಲೆಯನ್ನು ಅರಿತವರು ಕಣ್ಣಿನಿಂದ, ಕಣ್ಣೆತ್ತಿ ನೋಡಿದ ನಕ್ಷತ್ರದಿಂದ ಅರಿತರು. ರಸ್ತೆಗೂ ರಸ್ತೆಯಿಲ್ಲದ ನೆಲಕ್ಕೂ ಒಗ್ಗುವಂತಹ ಒಂದೇ ರಿಸೀವರನ್ನು ಕೊಳ್ಳಬೇಕೆಂದು ಇಂದು ಅಂಗಡಿಗೆ ಹೊರಟವನು, ಈ ಎರಡು ಕುಲಗಳ ಕೂಸನ್ನು ಮನೆಗೆ ಕರೆತರಲು ಹೊರಟವನೇ ಆಗಿದ್ದಾನೆ. ಆದುದರಿಂದ ಆ ಕುಲಗಳ ವೃತ್ತಾಂತವನ್ನು ತಿಳಿದುಕೊಳ್ಳುವುದು, ಬೆಲೆಪಟ್ಟಿಯನ್ನು ಓದುವುದಕ್ಕಿಂತ ಅವನಿಗೆ ಹೆಚ್ಚು ಉಪಯುಕ್ತವೆಂದು ನಾನು ನಂಬಿದ್ದೇನೆ.

ನಮ್ಮ ನಾಡಿನಲ್ಲಿ ದಾರಿಯ ಲೆಕ್ಕವು ಮೊದಲು ದೇಹದ ಲೆಕ್ಕವಾಗಿತ್ತು. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಅದನ್ನು ಮೀರಿದುದು ಹರದಾರಿ, ಎಂದರೆ ಸುಮಾರು 3 ಮೈಲಿ. ಅದಕ್ಕೂ ಮೇಲಿನದು ಗಾವುದ, ಎಂದರೆ ಸುಮಾರು 12 ಮೈಲಿ. ಸೀಮೆಯಿಂದ ಸೀಮೆಗೆ ಈ ಅಳತೆಗಳು ಹಿಗ್ಗುತ್ತಲೂ ಕುಗ್ಗುತ್ತಲೂ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಬಯಲಿನ ಹರದಾರಿಯೂ ಘಟ್ಟದ ಏರಿನ ಹರದಾರಿಯೂ ಕಾಲಿಗೆ ಒಂದೇ ಆಗಲಾರವು. ತಲೆಹೊರೆಯನ್ನು ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳಲೆಂದು ನಿಲ್ಲಿಸಿದ ಹೊರೆಗಲ್ಲು, ಬೇಸಗೆಯ ಅರವಟ್ಟಿಗೆ, ಸಾಲುಮರ, ಛತ್ರ, ಇವೆಲ್ಲ ದಾರಿಯ ವಾಕ್ಯದಲ್ಲಿ ವಿರಾಮಚಿಹ್ನೆಗಳಂತೆ ಇದ್ದವು. ಅವುಗಳನ್ನು ಕ್ರಮವಾಗಿ ಹೇಳಬಲ್ಲವನು ದಾರಿಯನ್ನು ಬಲ್ಲವನೆನಿಸುತ್ತಿದ್ದನು. ಎತ್ತಿನ ಮೇಲೆ ಹೇರು ಹೊರಿಸಿ ಘಟ್ಟವನ್ನು ಇಳಿದು ಉಪ್ಪನ್ನು ತರುತ್ತಿದ್ದವರಿಗೆ ಬೇಕಾಗಿದ್ದುದು ಈ ಅನುಕ್ರಮವೇ ಹೊರತು, ಭೂಮಿಯ ಮೇಲೆ ತಮ್ಮ ಅಕ್ಷಾಂಶವೆಷ್ಟೆಂಬುದಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ, ಹೊಸದಾಗಿ ಕೈಸೇರಿದ ನೆಲವನ್ನು ತಿಳಿಯಬೇಕಾಗಿದ್ದ ಕಂಪನಿ ಸರ್ಕಾರವು ಕಾಲಿನ್ ಮೆಕೆಂಜಿಯನ್ನು ಮೈಸೂರು ಸೀಮೆಯ ಮೋಜಣಿಗೆ ನೇಮಿಸಿದಾಗ, ಕಾಲಿನ ಲೆಕ್ಕವು ಗಾಲಿಯ ಲೆಕ್ಕವಾಯಿತು. ಕಾವಲಿ ವೆಂಕಟ ಬೊರಯ್ಯ ಮತ್ತು ಅವನ ಸಹೋದರರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಮೊದಲಾದವರ ನೆರವಿನಿಂದ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಮಹಾಶಯನೆಂದು ಆತನು ನಮಗೆ ಪರಿಚಿತನು. ಆದರೆ ಆ ಕಾಲದ ಮೋಜಣಿದಾರರ ಜೊತೆಯಲ್ಲಿ ರಸ್ತೆಯುದ್ದಕ್ಕೂ ಉರುಳುತ್ತಿದ್ದ ಇನ್ನೊಂದು ಸಂಗಾತಿ ಉಂಟು, ಪೆರಾಂಬುಲೇಟರು. ಉದ್ದನೆಯ ಹಿಡಿಕೆಯ ತುದಿಗೆ ಒಂದು ದೊಡ್ಡ ಗಾಲಿ; ಗಾಲಿಯ ಸುತ್ತಳತೆ ಗೊತ್ತಿರುವುದರಿಂದ, ಅದು ಎಷ್ಟು ಸುತ್ತು ಉರುಳಿತೆಂಬುದನ್ನು ಹಿಡಿಕೆಯ ಮೇಲಿನ ಮುಳ್ಳು ಎಣಿಸಿ ತೋರುತ್ತಿತ್ತು. ಗಾಲಿಯು ಪ್ರಾಮಾಣಿಕ, ಆದರೆ ಅದಕ್ಕೆ ಒಂದು ಸಹಜವಾದ ಕುರುಡುತನವಿದೆ. ದಾರಿಯು ಬಳಸಿದರೆ ಅದೂ ಬಳಸುತ್ತದೆ, ಬಳಸಿದುದನ್ನೆಲ್ಲ ದೂರವೆಂದೇ ಎಣಿಸುತ್ತದೆ. ಅದಕ್ಕೂ ಮೊದಲು ಸೈನ್ಯಗಳು ನಡೆದ ದಾರಿಗಳ ಲೆಕ್ಕವನ್ನು ಜೋಡಿಸಿ ಹಿಂದೂಸ್ಥಾನದ ನಕ್ಷೆಯನ್ನು ಬರೆದ ಜೇಮ್ಸ್ ರೆನೆಲ್, ರಸ್ತೆಯ ವಕ್ರತೆಗೆಂದು ಪ್ರತಿಯೊಂದು ದೂರದಲ್ಲಿಯೂ ಒಂದಿಷ್ಟನ್ನು ಕಳೆಯಬೇಕಾಗಿ ಬಂದುದು ಈ ಕಾರಣದಿಂದಲೇ. ಎಷ್ಟು ಕಳೆಯಬೇಕೆಂಬುದು ಊಹೆ; ಊಹೆಗಳು ನೂರಾರು ಮೈಲಿ ಕೂಡುತ್ತ ಹೋದಾಗ ತಪ್ಪುಗಳೂ ಕೂಡಿದವು.

ಗಾಲಿಯ ಕುಲವು ಅಲ್ಲಿಗೆ ಮುಗಿಯಲಿಲ್ಲ. ಮೋಟಾರು ಬಂದ ಮೇಲೆ ಅದು ಗಾಡಿಯೊಳಗೇ ಮನೆಮಾಡಿತು. 1909ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಜೋನ್ಸ್ ಲೈವ್-ಮ್ಯಾಪ್ ಎಂಬ ಸಾಧನದಲ್ಲಿ, ಚಕ್ರಕ್ಕೆ ತಂತಿಯಿಂದ ಜೋಡಿಸಿದ ಒಂದು ಕಾಗದದ ಬಿಲ್ಲೆ ಗಾಜಿನ ಕೆಳಗೆ ಮೆಲ್ಲಮೆಲ್ಲನೆ ತಿರುಗುತ್ತ, ಇಂತಹ ಕಡೆ ಎಡಕ್ಕೆ, ಇಂತಹ ಸೇತುವೆಯ ಬಳಿ ಬಲಕ್ಕೆ ಎಂದು ತೋರುತ್ತಿತ್ತು. ಚಾಲಕನು ಬಿಲ್ಲೆಯಲ್ಲಿ ಬರೆಯದ ಕಡೆ ಒಮ್ಮೆ ತಿರುಗಿದನೋ, ಅಲ್ಲಿಂದ ಮುಂದೆ ಅದು ಹೇಳಿದುದೆಲ್ಲ ಬೇರೊಂದು ಊರಿನ ಮಾತು. ಬೆಂಗಳೂರಿನಿಂದ ಹೊರಡುತ್ತಿದ್ದ ಕೆ-1000 ಮೊದಲಾದ ರ‍್ಯಾಲಿಗಳಲ್ಲಿ, ಸಹಚಾಲಕನು ತೊಡೆಯ ಮೇಲೆ ದಾರಿಪುಸ್ತಕವನ್ನಿಟ್ಟುಕೊಂಡು, ಟ್ರಿಪ್‌ಮೀಟರಿನ ಅಂಕಿಯನ್ನು ನೋಡುತ್ತ ತಿರುವುಗಳನ್ನು ಕೂಗಿ ಹೇಳುವುದೂ ಇದೇ ವಿದ್ಯೆಯ ಪ್ರೌಢರೂಪ. 1985ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಬಂದ ಎಟಾಕ್ ನ್ಯಾವಿಗೇಟರು ಕ್ಯಾಸೆಟ್ಟುಗಳಲ್ಲಿ ತುಂಬಿದ ನಕ್ಷೆಯನ್ನು ಓದಿ, ಚಕ್ರಗಳ ಉರುಳು ಮತ್ತು ದಿಕ್ಸೂಚಿಯ ಸೂಚನೆಗಳಿಂದ ಗಾಡಿಯ ನೆಲೆಯನ್ನು ಲೆಕ್ಕ ಹಾಕುತ್ತಿತ್ತು; ಲೆಕ್ಕದಲ್ಲಿ ಸಂಚಯವಾಗುತ್ತಿದ್ದ ತಪ್ಪನ್ನು, ಗಾಡಿಯು ರಸ್ತೆಯ ಮೇಲೆಯೇ ಇದೆಯೆಂಬ ನಂಬಿಕೆಯಿಂದ, ಪ್ರತಿಯೊಂದು ತಿರುವಿನಲ್ಲಿಯೂ ನಕ್ಷೆಯ ರಸ್ತೆಗೆ ಹೊಂದಿಸಿಕೊಂಡು ತಿದ್ದಿಕೊಳ್ಳುತ್ತಿತ್ತು. ಬಿಸಲೆಯ ಕವಲಿನಲ್ಲಿ ನನ್ನ ದಾರಿತೋರುಕವು ನಮ್ಮನ್ನು ಡಾಂಬರಿಗೆ ಅಂಟಿಸಿಕೊಂಡುದು ಈ ಹಳೆಯ ನಂಬಿಕೆಯಿಂದಲೇ. ಪಟ್ಟಣದಲ್ಲಿ ಅದು ಸದ್ಗುಣ; ಕಾಡಿನಲ್ಲಿ ಅದೇ ದೋಷ.

ಇನ್ನು ನಕ್ಷತ್ರದ ಕುಲ. ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದ ದಂಡಿನಲ್ಲಿಯೇ ವಿಲಿಯಂ ಲ್ಯಾಂಬ್ಟನ್ ಎಂಬ ಮೌನಿಯಾದ ಅಧಿಕಾರಿಯೊಬ್ಬನಿದ್ದನು. ರಸ್ತೆಗಳನ್ನು ಅಳೆದು ನಕ್ಷೆಯನ್ನು ಬರೆಯುವುದಕ್ಕೆ ಬದಲಾಗಿ, ಒಂದೇ ಒಂದು ಸರಳರೇಖೆಯನ್ನು ಅತ್ಯಂತ ನಿಷ್ಠೆಯಿಂದ ಅಳೆದು, ಅದರ ತುದಿಗಳಿಂದ ದೂರದ ಬೆಟ್ಟಗಳಿಗೆ ಕೋನಗಳನ್ನು ಹಿಡಿದು, ತ್ರಿಕೋನದ ಮೇಲೆ ತ್ರಿಕೋನವನ್ನು ಹೆಣೆಯುತ್ತ ಇಡೀ ದಕ್ಷಿಣಾಪಥವನ್ನು ಭೂಗೋಲದ ಮೇಲೆ ಅದರದೇ ಸ್ಥಾನದಲ್ಲಿ ನೆಲೆಗೊಳಿಸಬೇಕೆಂಬುದು ಆತನ ಸಂಕಲ್ಪ. ಅದಕ್ಕೆ ಬೇಕಾದ ಮೊದಲ ರೇಖೆಯನ್ನು ಆತನು ಪ್ರಾಯೋಗಿಕವಾಗಿ ಅಳೆದುದು 1800ರಲ್ಲಿ, ನಮ್ಮ ಬೆಂಗಳೂರಿನಲ್ಲಿ; ಅದರ ಉದ್ದ 7 ಮೈಲಿಗೂ ಮಿಕ್ಕಿ. ಅಳತೆಗೆ ಬಳಸಿದ, 40 ಉಕ್ಕಿನ ಸರಳುಗಳನ್ನು ಕೂಡಿಸಿದ 100 ಅಡಿಯ ಸರಪಳಿಯು, ಚೀನಾ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ ತಿರಸ್ಕೃತವಾಗಿ, ಕಲ್ಕತ್ತೆಯಲ್ಲಿ ಮಾರಾಟವಾಗಿ ಬಂದಿದ್ದುದು. ಬಿಸಿಲಿಗೆ ಉಕ್ಕು ಹಿಗ್ಗುವುದೆಂದು, ಸರಪಳಿಯ ಮಗ್ಗುಲಲ್ಲಿ ಉಷ್ಣಮಾಪಕಗಳನ್ನಿಟ್ಟು, ಆ ಹಿಗ್ಗನ್ನೂ ಲೆಕ್ಕದಿಂದ ಕಳೆಯುತ್ತಿದ್ದ ಎಚ್ಚರವು ಆತನದು. 1802ರ ಏಪ್ರಿಲ್ ತಿಂಗಳಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮಹಾ ತ್ರಿಕೋನಮಿತಿ ಮೋಜಣಿಯು ವಿಧ್ಯುಕ್ತವಾಗಿ ಆರಂಭವಾಯಿತು. ಕೋನಗಳನ್ನು ಅಳೆಯುವ, ಅರ್ಧ ಟನ್ನು ತೂಕದ ಥಿಯೊಡೊಲೈಟನ್ನು ಹೊತ್ತು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ ದ್ವೀಪಕ್ಕೆ ಒಯ್ದು, ಬಳಿಕ ಆ ಯಂತ್ರವು ವಿದ್ಯೆಯ ಉಪಕರಣವೆಂದು ಅರಿತು ಅದನ್ನು ಗೌರವದಿಂದ ಹಿಂದಿರುಗಿಸಿದರು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗವು ಕಡಿದು ಯಂತ್ರವು ಗೋಡೆಗೆ ಬಡಿದು ನಜ್ಜುಗುಜ್ಜಾಗಲು, ಲ್ಯಾಂಬ್ಟನ್ನನು ವಾರಗಟ್ಟಲೆ ಕುಳಿತು ಅದನ್ನು ಸ್ವಹಸ್ತದಿಂದ ಸರಿಪಡಿಸಿದನು. ಮದರಾಸಿನಿಂದ ಮಂಗಳೂರಿನವರೆಗೆ, ನಮ್ಮ ಬೆಟ್ಟಗಳ ನೆತ್ತಿಯಿಂದ ನೆತ್ತಿಗೆ, ಆತನ ತ್ರಿಕೋನಗಳು ಹಬ್ಬಿದಾಗ, ಪರ್ಯಾಯದ್ವೀಪದ ಅಗಲವು ಹಳೆಯ ನಕ್ಷೆಗಳಲ್ಲಿದ್ದುದಕ್ಕಿಂತ ಸುಮಾರು 40 ಮೈಲಿ ಕಡಿಮೆಯೆಂದು ತಿಳಿದುಬಂದಿತು. ದಾರಿಯ ಲೆಕ್ಕವನ್ನು ನೆಲೆಯ ಲೆಕ್ಕವು ಹೀಗೆ ತಿದ್ದಿತು.

ಲ್ಯಾಂಬ್ಟನ್ನನು 1823ರಲ್ಲಿ ಹಿಂಗನಘಾಟದಲ್ಲಿ, ಮೋಜಣಿಯ ದಾರಿಯಲ್ಲಿಯೇ, ತೀರಿಕೊಂಡನು. ಅವನ ಕಾರ್ಯವನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್, ಭೂಮಿಯು ಎಷ್ಟು ದಪ್ಪ, ಧ್ರುವಗಳಲ್ಲಿ ಎಷ್ಟು ಚಪ್ಪಟೆ ಎಂಬುದಕ್ಕೆ 1830ರಲ್ಲಿ ಕೊಟ್ಟ ಅಂಕಿಗಳನ್ನೇ ಅಡಿಗಲ್ಲಾಗಿ ಇಟ್ಟುಕೊಂಡು ಭಾರತದ ನಕ್ಷೆಗಳೆಲ್ಲ ಮುಂದಿನ ನೂರೈವತ್ತು ವರ್ಷಗಳಿಗೂ ಮಿಕ್ಕಿ ರಚಿತವಾದವು. ಒಂದು ಕಿಲೋಮೀಟರನ್ನು 2 ಸೆಂಟಿಮೀಟರಿನಲ್ಲಿ ತೋರುವ, ಹಳ್ಳಕೊಳ್ಳ, ಗುಡಿಗೋಪುರ, ಬಾವಿ, ಕಾಲುದಾರಿಗಳನ್ನೆಲ್ಲ ಒಳಗೊಂಡ ಆ ಟೋಪೋಶೀಟುಗಳು ಅದ್ಭುತವಾದ ಕೃತಿಗಳು. ಆದರೆ ಗಡಿಯಿಂದಲೂ ಕರಾವಳಿಯಿಂದಲೂ ಸುಮಾರು 80 ಕಿಲೋಮೀಟರಿನ ಪಟ್ಟಿಯ ಹಾಳೆಗಳು ಬಹುಕಾಲ ನಿರ್ಬಂಧಿತವಾಗಿದ್ದುದರಿಂದ, ಘಟ್ಟದ ಬಹುಭಾಗವು, ಎಂದರೆ ಚಾರಣಿಗನಿಗೆ ಅತ್ಯಂತ ಬೇಕಾದ ಭಾಗವೇ, ಅವನಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ.

ಎರಡು ಕುಲಗಳೂ ಸಂಗಮಿಸಲು ಮನುಷ್ಯನು ತಾನೇ ನಕ್ಷತ್ರಗಳನ್ನು ಮಾಡಬೇಕಾಯಿತು. 1978ರ ಫೆಬ್ರವರಿ 22ರಂದು ಅಮೆರಿಕವು ಹಾರಿಸಿದ ಮೊದಲ ಜಿಪಿಎಸ್ ಉಪಗ್ರಹವು ಅಂತಹ ಕೃತಕ ನಕ್ಷತ್ರಗಳಲ್ಲಿ ಆದ್ಯವಾದುದು. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ನಿರಂತರವಾಗಿ ಹೇಳುವುದು ಎರಡೇ ಮಾತು: ನಾನು ಇಂತಹ ಕಡೆ ಇದ್ದೇನೆ, ಈಗ ಸಮಯ ಇಷ್ಟು. ಆ ಮಾತು ಕೈಯಲ್ಲಿರುವ ಯಂತ್ರಕ್ಕೆ ಬಂದು ಮುಟ್ಟಲು ಹಿಡಿದ ಕಾಲದಿಂದ ದೂರವು ಗೊತ್ತಾಗುತ್ತದೆ. ನಾಲ್ಕು ಉಪಗ್ರಹಗಳ ದೂರವು ಗೊತ್ತಾದರೆ, ನಮ್ಮ ಅಕ್ಷಾಂಶ, ರೇಖಾಂಶ, ಎತ್ತರಗಳ ಜೊತೆಗೆ ನಮ್ಮ ಅಗ್ಗದ ಗಡಿಯಾರದ ತಪ್ಪೂ ಗೊತ್ತಾಗುತ್ತದೆ. ಒಂದು ಸೆಕೆಂಡಿನ ದಶಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ನೆಲದ ಮೇಲೆ 300 ಮೀಟರು ತಪ್ಪುವುದಾದ್ದರಿಂದ, ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತಿವೆ. ಲ್ಯಾಂಬ್ಟನ್ನನು ಸರಪಳಿಯ ಹಿಗ್ಗನ್ನು ಕಳೆದಂತೆ, ಇಲ್ಲಿ ಐನ್‌ಸ್ಟೈನನ ಸಿದ್ಧಾಂತದಂತೆ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೋಡುವ ಆ ಗಡಿಯಾರಗಳ ಓಟವನ್ನೂ ತಿದ್ದಬೇಕಾಗುತ್ತದೆ.

1983ರಲ್ಲಿ ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕ ಕೊರಿಯದ ಪ್ರಯಾಣಿಕ ವಿಮಾನವು ಹೊಡೆದುರುಳಿಸಲ್ಪಟ್ಟ ದುರಂತದ ತರುವಾಯ, ಈ ವ್ಯವಸ್ಥೆಯು ನಾಗರಿಕರಿಗೂ ದೊರೆಯುವುದೆಂದು ಅಮೆರಿಕವು ಸಾರಿತು. 1989ರಲ್ಲಿ ಮೆಗೆಲನ್ ಸಂಸ್ಥೆಯು ಮಾರಾಟಕ್ಕೆ ತಂದ, ಕೈಯಲ್ಲಿ ಹಿಡಿಯುವ ಮೊದಲ ರಿಸೀವರಿನ ಬೆಲೆ ಸುಮಾರು 3000 ಡಾಲರು. ನಾಗರಿಕರ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ, ನೆಲೆಯನ್ನು 100 ಮೀಟರಿನವರೆಗೆ ಅತ್ತಿತ್ತ ಮಾಡುತ್ತಿದ್ದ ಕಲಬೆರಕೆಯು 2000ದ ಮೇ ತಿಂಗಳ ಆರಂಭದಲ್ಲಿ ಒಂದೇ ರಾತ್ರಿಯಲ್ಲಿ ನಿಂತಿತು. ಅಂದಿನಿಂದ ಕಾಡಿನ ಕಾಲುದಾರಿಯ ಒಂದು ತಿರುವನ್ನು ಇನ್ನೊಂದರಿಂದ ಬೇರ್ಪಡಿಸಿ ತೋರುವುದು ಕೈಯಂತ್ರಕ್ಕೆ ಸಾಧ್ಯವಾಯಿತು. ಆದರೂ ಕೆಲವು ಕಾಲ ಗಾಡಿಯ ಯಂತ್ರ ಬೇರೆ, ಕೈಯ ಯಂತ್ರ ಬೇರೆಯಾಗಿಯೇ ಉಳಿದವು. 2001ರಲ್ಲಿ ಗಾರ್ಮಿನ್ ಸಂಸ್ಥೆಯ ಜಿಪಿಎಸ್ ಫೈವ್ ಎಂಬುದು, ಅಡ್ಡವಾಗಿಟ್ಟರೆ ಗಾಡಿಯಲ್ಲಿ ತಿರುವು ತಿರುವಿಗೂ ದಾರಿ ಹೇಳುತ್ತ, ನೆಟ್ಟಗೆ ಹಿಡಿದರೆ ಚಾರಣಿಗನ ಕೈಯಂತ್ರವಾಗುತ್ತ, ಎರಡು ಕುಲಗಳನ್ನು ಒಂದು ಚಿಪ್ಪಿನಲ್ಲಿ ಕೂಡಿಸಿತು; ಆದರೆ ಅದರ ಹೊಟ್ಟೆಯಲ್ಲಿ ಹಿಡಿಸುತ್ತಿದ್ದ ನಕ್ಷೆ 19 ಮೆಗಾಬೈಟು ಮಾತ್ರ. 2006ರಲ್ಲಿ ಅದೇ ಸಂಸ್ಥೆಯ 60ಸಿಎಸ್‌ಎಕ್ಸ್ ಬಂದಾಗ, ಮೆಮೊರಿ ಕಾರ್ಡಿನಲ್ಲಿ ದೊಡ್ಡ ನಕ್ಷೆ, ಮರಗಳ ಮರೆಯಲ್ಲಿಯೂ ಕ್ಷೀಣಸಂಕೇತವನ್ನು ಹಿಡಿಯುವ ಚಿಪ್ಪು, ವಾಯುಭಾರದಿಂದ ಎತ್ತರವನ್ನು ಹೇಳುವ ಮಾಪಕ, ಇವೆಲ್ಲವೂ ಎರಡು ಸಾಮಾನ್ಯ ಸೆಲ್ಲುಗಳ ಮೇಲೆ ನಡೆಯುವ ಒಂದೇ ಯಂತ್ರದಲ್ಲಿ ಸೇರಿದವು.

ಸಂಗಮದಲ್ಲಿ ಸುಳಿಯೂ ಉಂಟೆಂಬುದನ್ನು ನಾನು ಕಲಿತುದು ಒಂದು ಹಳೆಯ ಟೋಪೋಶೀಟಿನಿಂದ. ಹಾಳೆಯ ಮೇಲೆ ಒಂದು ಕೆರೆಯ ಏರಿಯ ಗುಡಿಯನ್ನು ಗುರುತಿಸಿ, ಸ್ಕೇಲು ಹಿಡಿದು ಅದರ ಅಕ್ಷಾಂಶ ರೇಖಾಂಶಗಳನ್ನು ಅಳೆದು, ಯಂತ್ರಕ್ಕೆ ತುಂಬಿದೆ. ಸ್ಥಳಕ್ಕೆ ಹೋಗಿ ನೋಡಿದರೆ, ಗುಡಿಯು ಏರಿಯ ಮೇಲೆಯೇ ಇತ್ತು. ಯಂತ್ರದ ಬಾಣವು ಮಾತ್ರ ಕೆರೆಯ ನೀರಿನ ನಡುವೆ ಬೆರಳು ತೋರುತ್ತಿತ್ತು. ಹಾಳೆಯೂ ಸುಳ್ಳಾಡಿರಲಿಲ್ಲ, ಯಂತ್ರವೂ ಸುಳ್ಳಾಡಿರಲಿಲ್ಲ. ಹಾಳೆಯು ಎವರೆಸ್ಟನ ಭೂಮಿಯ ಮೇಲೆ ನಿಂತಿತ್ತು. ಯಂತ್ರವು ಡಬ್ಲ್ಯುಜಿಎಸ್-84 ಎಂಬ ಹೊಸ ಭೂಮಿಯ ಮೇಲೆ ನಿಂತಿತ್ತು. ಎರಡರ ಸಮಭಾಜಕ ಅರೆವ್ಯಾಸಗಳಿಗೂ ಸುಮಾರು 860 ಮೀಟರಿನ ಅಂತರ, ಎರಡರ ಕೇಂದ್ರಗಳೂ ಬೇರೆ. ಅದರಿಂದಾಗಿ ನಮ್ಮ ಕಡೆ ನೆಲದ ಮೇಲೆ ಒಂದೆರಡು ನೂರು ಮೀಟರಿನ ಪಲ್ಲಟ. ಯಂತ್ರದ ಒಳಪಟ್ಟಿಯಲ್ಲಿ ಬಳಕೆದಾರನ ಸ್ವಂತ ಆಧಾರಕ್ಕೆಂದು ಬಿಟ್ಟಿರುವ ಜಾಗದಲ್ಲಿ ಎವರೆಸ್ಟನ ಲೆಕ್ಕಕ್ಕೆ ಸಂಬಂಧಿಸಿದ ಐದು ಅಂಕಿಗಳನ್ನು ತುಂಬಿ, ಗುಡಿಯ ಗುರುತನ್ನು ಹಾಳೆಯಿಂದ ಮತ್ತೊಮ್ಮೆ ಬರೆದುಕೊಂಡೊಡನೆ, ಬಾಣವು ನೀರನ್ನು ಬಿಟ್ಟು ಏರಿಗೆ ತಿರುಗಿತು. 2005ರ ರಾಷ್ಟ್ರೀಯ ನಕ್ಷಾನೀತಿಯ ತರುವಾಯ ಸಾರ್ವಜನಿಕರಿಗೆಂದು ಹೊರಬಂದ ಹೊಸ ಮಾಲಿಕೆಯ ಹಾಳೆಗಳು ಡಬ್ಲ್ಯುಜಿಎಸ್-84ರ ಮೇಲೆಯೇ ಇರುವುದರಿಂದ ಈ ತೊಡಕು ಇಲ್ಲ. ಆದರೆ ಹಳೆಯ ಹಾಳೆಯನ್ನು ಬಿಚ್ಚುವವನು ಇದನ್ನು ಮರೆಯಬಾರದು.

ಹೀಗೆ ಚರಿತ್ರೆಯನ್ನು ಬಲ್ಲವನಿಗೆ ಆಯ್ಕೆಯ ಸೂತ್ರಗಳು ತಾವಾಗಿಯೇ ತೋರುತ್ತವೆ. ಗಾಲಿಯ ಕುಲದ ಗುಣವಾಗಿ, ರಸ್ತೆಯ ಮೇಲೆ ಅದು ತಿರುವುಗಳನ್ನು ತಾನೇ ಲೆಕ್ಕ ಹಾಕಿ ಹೇಳಬೇಕು, ಗಾಡಿಯ ವಿದ್ಯುತ್ತಿನಿಂದ ನಡೆಯಬೇಕು. ನಕ್ಷತ್ರದ ಕುಲದ ಗುಣವಾಗಿ, ರಸ್ತೆಗೆ ಅಂಟಿಸಿಕೊಳ್ಳುವ ಆ ಹಳೆಯ ನಂಬಿಕೆಯನ್ನು ನಾವು ಹೇಳಿದಾಗ ಬಿಟ್ಟುಕೊಡಬೇಕು, ನಡೆದ ಜಾಡನ್ನು ಬರೆದಿಟ್ಟು ಅದೇ ಜಾಡಿನಲ್ಲಿ ಹಿಂದಕ್ಕೆ ಕರೆತರಬೇಕು. ಮಳೆಗಾಲದ ಮಲೆನಾಡಿನಲ್ಲಿ ನೆನೆದ ಎಲೆಗಳ ಚಪ್ಪರವು ಸಂಕೇತವನ್ನು ಕುಗ್ಗಿಸುವುದರಿಂದ ಆಂಟೆನಾ ಉತ್ತಮವಾಗಿರಬೇಕು. ಒದ್ದೆ ಬೆರಳಿಗೂ ಓಗೊಡುವ ಗುಂಡಿಗಳು, ನಡುಹಗಲ ಬಿಸಿಲಿನಲ್ಲಿಯೂ ಓದಬಹುದಾದ ಪರದೆ, ಯಾವ ಹಳ್ಳಿಯ ಗೂಡಂಗಡಿಯಲ್ಲಿಯೂ ಸಿಗುವ ಸೆಲ್ಲು, ಇವು ಅಲಂಕಾರಗಳಲ್ಲ, ಅವಶ್ಯಕತೆಗಳು. ಮೋಟಾರ್‌ಸೈಕಲ್ಲಿನ ಕುಲುಕಾಟದಲ್ಲಿ ಸೆಲ್ಲುಗಳು ಸ್ಪ್ರಿಂಗನ್ನು ಬಿಟ್ಟು ಯಂತ್ರವು ಆರಿಹೋಗುವುದುಂಟು. ಹಿಡಿಕೆಗೆ ಕಟ್ಟುವ ಮೊದಲು ಸೆಲ್ಲಿನ ಕೋಣೆಯನ್ನು ಅಲುಗಾಡಿಸಿ ನೋಡುವುದು ಲೇಸು. ನಿಂತಾಗಲೂ ದಿಕ್ಕನ್ನು ಹೇಳುವ ದಿಕ್ಸೂಚಿಯಿದ್ದರೆ ಉತ್ತಮ, ಏಕೆಂದರೆ ಉಪಗ್ರಹದ ಲೆಕ್ಕಕ್ಕೆ ಚಲನೆಯಿಲ್ಲದೆ ದಿಕ್ಕು ತಿಳಿಯದು. ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸುವ ಯಂತ್ರಗಳು ಮಾತ್ರ ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಬಳಸಲು ಸಲ್ಲವೆಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಇಂದಿನ ಫೋನಿನಲ್ಲಿಯೂ ಈ ವಿದ್ಯೆ ಅಡಗಿದೆ. ಊರಿನಲ್ಲಿರುವಾಗಲೇ ನಕ್ಷೆಯನ್ನು ಇಳಿಸಿಕೊಂಡರೆ, ನೆಟ್‌ವರ್ಕ್ ಇಲ್ಲದ ಕಾಡಿನಲ್ಲಿಯೂ ಅದು ನೆಲೆಯನ್ನು ತೋರುತ್ತದೆ. ಆದರೆ ಮಳೆಯಲ್ಲಿ ಬಾಳುವುದಾಗಲಿ, ಇಡೀ ದಿನ ಉಳಿಯುವುದಾಗಲಿ ಅದಕ್ಕೆ ಕಷ್ಟ.

ಲ್ಯಾಂಬ್ಟನ್ನನು ತನ್ನ ಮೊದಲ ರೇಖೆಯನ್ನು ಎಳೆದ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ 2013ರ ಮೇ 28ರಂದು ಇಸ್ರೋ ಸಂಸ್ಥೆಯ ಪಥದರ್ಶನ ಕೇಂದ್ರವು ಉದ್ಘಾಟಿತವಾಯಿತು. 2016ರ ಏಪ್ರಿಲಿನಲ್ಲಿ ಏಳನೆಯ ಉಪಗ್ರಹವು ಕಕ್ಷೆಯನ್ನು ಸೇರಿ, ನಮ್ಮದೇ ಆದ ವ್ಯವಸ್ಥೆಗೆ ನಾವಿಕ್ ಎಂಬ ಹೆಸರು ಬಂದಿತು. ಪರದೇಶದಿಂದ ತಂದ ಪರಮಾಣು ಗಡಿಯಾರಗಳು ಮೊದಲ ಉಪಗ್ರಹದಲ್ಲಿ ಕೆಟ್ಟುಹೋದಾಗ ಎದೆಗುಂದದೆ, ಇಲ್ಲಿಯೇ ರೂಪಿಸಿದ ರುಬಿಡಿಯಂ ಗಡಿಯಾರವನ್ನು 2023ರ ಮೇ 29ರಂದು ಎನ್‌ವಿಎಸ್-01 ಉಪಗ್ರಹದಲ್ಲಿ ಹಾರಿಸಿದ ನಮ್ಮ ವಿಜ್ಞಾನಿಗಳಿಗೂ, ತಂಜಾವೂರಿನಲ್ಲಿ ಮುರಿದ ಯಂತ್ರದ ಮುಂದೆ ವಾರಗಟ್ಟಲೆ ಕುಳಿತಿದ್ದ ಆ ಹಳೆಯ ಮೋಜಣಿದಾರನಿಗೂ ನಡುವೆ ನನಗೆ ಒಂದೇ ವಂಶದ ಮುಖಲಕ್ಷಣವು ಕಾಣುತ್ತದೆ. ಇಂದು ರಿಸೀವರನ್ನು ಕೊಳ್ಳುವವನು, ಅದು ನಾವಿಕ್ ಸಂಕೇತವನ್ನೂ ಹಿಡಿಯಬಲ್ಲುದೇ ಎಂದು ಕೇಳಿಕೊಂಡು ಕೊಳ್ಳುವುದು ಯುಕ್ತ.

ಬಿಸಲೆಯ ಆ ಕವಲಿಗೆ ಮುಂದೊಂದು ಬೇಸಗೆಯಲ್ಲಿ ನಾನು ಮತ್ತೆ ಹೋದೆ. ಈ ಬಾರಿ ಎರಡು ಯಂತ್ರಗಳ ಬದಲು ಒಂದೇ. ಮಣ್ಣುದಾರಿಯನ್ನು ಕೊನೆಯವರೆಗೂ ನಡೆದು, ಅದು ತೋಟವನ್ನು ಬಳಸಿ, ಒಂದು ಹಳ್ಳವನ್ನು ದಾಟಿ, ಮತ್ತೆ ಡಾಂಬರನ್ನು ಸೇರುವುದನ್ನು ಕಂಡೆ. ಮನೆಗೆ ಬಂದು, ಯಂತ್ರವು ಬರೆದಿಟ್ಟಿದ್ದ ಚುಕ್ಕೆಗಳ ಜಾಡನ್ನು, ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಬಳಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗೆ ಸೇರಿಸಿದೆ. ಕೆಲವು ದಿನಗಳ ತರುವಾಯ ಆ ನಕ್ಷೆಯನ್ನು ಹೊಸದಾಗಿ ಯಂತ್ರಕ್ಕೆ ತುಂಬಿಕೊಂಡಾಗ, ಹಿಂದೆ ಬರಿಯ ಬಿಳಿಯ ಬಯಲಿದ್ದ ಕಡೆ ಒಂದು ತೆಳುವಾದ ಗೆರೆ ಮೂಡಿತ್ತು. ನಕ್ಷತ್ರಗಳನ್ನು ಕೇಳಿ ಹಿಡಿದ ನೆಲೆಗಳ ಸಾಲು ಅಲ್ಲಿ ಗಾಲಿಗೆ ದಾರಿಯಾಗಿತ್ತು; ಆಷಾಢದ ಮಂಜಿನಲ್ಲಿ ಇನ್ನಾರಾದರೂ ಆ ಕವಲಿಗೆ ಬಂದು ನಿಂತರೆ, ಅವರ ಯಂತ್ರವು ಅವರನ್ನು ಬೇಲಿಯ ಕಡೆಗೆ ತಿರುಗಿಸಲಾರದು.